ಮಳೆಗಾಲದಲ್ಲಿ ತುಂಬುವ ಸೆಪ್ಟಿಕ್ ಟ್ಯಾಂಕ್: ದೋಷ ಎಲ್ಲಿದೆ ಎಂದು ಪತ್ತೆ ಮಾಡುವ ಕ್ರಮ

ಮೃಗಶಿರ ಮಳೆಯಲ್ಲಿ ಸಾಮಾನ್ಯವಾಗಿ ಯಾರ ಮನೆಯಲ್ಲೂ ತೊಂದರೆ ಕಾಣಿಸುವುದಿಲ್ಲ. ಬೇಸಿಗೆಯಿಡೀ ಕಾದ ನೆಲ ಬಿದ್ದಷ್ಟನ್ನೂ ಕುಡಿಯುತ್ತದೆ. ಆರ್ದ್ರಾ ಒಂದು ವಾರ ಬಿಡದೆ ಹೊಡೆದು ಪುನರ್ವಸು ಹಿಡಿಯುವ ಹೊತ್ತಿಗೆ, ಅಂದರೆ ಜುಲೈ ಮೊದಲ ವಾರದ ಸುಮಾರಿಗೆ, ಕಾರವಾರದಿಂದ ಹೊನ್ನಾವರದವರೆಗಿನ ತಗ್ಗಿನ ಮನೆಗಳಲ್ಲಿ ಒಂದೇ ಬಗೆಯ ದೂರು ಶುರುವಾಗುತ್ತದೆ. ಕಮೋಡಿಗೆ ಬಿಟ್ಟ ನೀರು ಇಳಿಯುವುದಿಲ್ಲ, ಬಚ್ಚಲಿನ ಜಾಲರಿಯಲ್ಲಿ ಗುಳುಗುಳು ಸದ್ದು ಕೇಳುತ್ತದೆ, ಹಿತ್ತಲಿನ ಚೇಂಬರಿನ (ಪೈಪುಗಳು ಕೂಡುವ ಸಣ್ಣ ತೊಟ್ಟಿಯ) ಮುಚ್ಚಳದ ಅಂಚಿನಿಂದ ಕರಿ ನೀರು ಜಿನುಗುತ್ತದೆ. ಮನೆಯವರು ಸಕ್ಕಿಂಗ್ ಗಾಡಿಗೆ ಫೋನ್ ಮಾಡುತ್ತಾರೆ, ಗಾಡಿ ಬಂದು ಎಳೆದುಕೊಂಡು ಹೋಗುತ್ತದೆ, ಎರಡು ದಿನ ಎಲ್ಲ ಸರಿಯಿರುತ್ತದೆ. ಮೂರನೆಯ ದಿನ ಅದೇ ಮನೆಯಿಂದ, "ಮೊನ್ನೆಯಷ್ಟೇ ಖಾಲಿ ಮಾಡಿಸಿದ್ದು ಮಾರಾಯ್ರೇ, ಮತ್ತೆ ಬಾಯಿಮಟ್ಟ ಬಂದಿದೆ" ಎಂಬ ಮಾತು.

ಟ್ಯಾಂಕ್ ತುಂಬಿದ್ದು ಸುಳ್ಳಲ್ಲ, ಆದರೆ ಅದನ್ನು ತುಂಬಿಸಿದ್ದು ಮನೆಯವರಲ್ಲ. ಮಳೆಗಾಲದ ಈ ದೋಷದಲ್ಲಿ ಕೇಳಬೇಕಾದ ಪ್ರಶ್ನೆ ಟ್ಯಾಂಕ್ ತುಂಬಿದೆಯೇ ಎಂಬುದಲ್ಲ. ಒಳಗಿರುವ ನೀರು ಎಲ್ಲಿಂದ ಬಂತು ಮತ್ತು ಹೊರಗೆ ಹೋಗಬೇಕಾದ ನೀರು ಎಲ್ಲಿ ತಡೆದು ನಿಂತಿದೆ ಎಂಬುದು. ಇದಕ್ಕೆ ಉತ್ತರ ಸಿಗುವ ಮೊದಲು ಗಾಡಿ ಕರೆಸುವುದು ಹೆಚ್ಚಿನ ಸಂದರ್ಭಗಳಲ್ಲಿ ದಂಡ, ಕೆಲವು ಸಂದರ್ಭಗಳಲ್ಲಿ ಅಪಾಯ. ಹಿಮ ಬೀಳುವ ದೇಶಗಳಲ್ಲಿ ಚಳಿಗಾಲಕ್ಕೆ ಮುನ್ನ ಪೈಪು ಹೆಪ್ಪುಗಟ್ಟದಂತೆ ನೆಲದ ಮೇಲೆ ಒಣಹುಲ್ಲು ಹೊದಿಸಿ ಸೆಪ್ಟಿಕ್ ವ್ಯವಸ್ಥೆಯನ್ನು ಸಜ್ಜುಗೊಳಿಸುತ್ತಾರೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬಿದ್ದು, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿದುಹೋಗುವ ನಮ್ಮ ಕರಾವಳಿಗೆ ಆ ಸಿದ್ಧತೆಯ ಕಾಲ ಏಪ್ರಿಲ್ ಮತ್ತು ಮೇ.

ಮುಚ್ಚಳ ತೆಗೆಯುವ ಮೊದಲು

ಟ್ಯಾಂಕಿನೊಳಗೆ ಮೀಥೇನ್ ಮತ್ತು ಹೈಡ್ರೋಜನ್ ಸಲ್ಫೈಡ್ ಅನಿಲಗಳಿರುತ್ತವೆ. ಎರಡನೆಯದು ಕೊಳೆತ ಮೊಟ್ಟೆಯ ವಾಸನೆ ಬೀರುತ್ತದೆಯಾದರೂ ಅದರ ಪ್ರಮಾಣ ಹೆಚ್ಚಾದಾಗ ಮೂಗು ಆ ವಾಸನೆಯನ್ನೇ ಗುರುತಿಸದಂತಾಗುತ್ತದೆ. ಆದ್ದರಿಂದ ವಾಸನೆ ಇಲ್ಲ ಎಂಬುದು ಅಪಾಯ ಇಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ಮುಚ್ಚಳ ಸರಿಸಿ ಕನಿಷ್ಠ ಅರ್ಧ ಗಂಟೆ ಗಾಳಿಗೆ ಬಿಡಬೇಕು, ಬಗ್ಗಿ ತಲೆ ಒಳಗೆ ಹಾಕಬಾರದು, ಬೀಡಿಯಾಗಲಿ ಚಿಮಣಿ ದೀಪವಾಗಲಿ ಹತ್ತಿರ ಇರಬಾರದು, ಒಬ್ಬರೇ ಈ ಕೆಲಸಕ್ಕೆ ಹೋಗಬಾರದು. ಯಾವ ಕಾರಣಕ್ಕೂ ಯಾರೂ ಒಳಗೆ ಇಳಿಯಬಾರದು, ಯಾರನ್ನೂ ಇಳಿಸಬಾರದು. ರಕ್ಷಣಾ ಸಾಧನಗಳಿಲ್ಲದೆ ಕೂಲಿಯವರನ್ನು ಟ್ಯಾಂಕಿಗೆ ಇಳಿಸುವುದು 2013ರ ಮಲಹೊರುವ ಪದ್ಧತಿ ನಿಷೇಧ ಕಾಯ್ದೆಯ ಪ್ರಕಾರ ಶಿಕ್ಷಾರ್ಹ ಅಪರಾಧ. ಈ ಬರಹದಲ್ಲಿ ಹೇಳಿರುವ ಎಲ್ಲ ಪರೀಕ್ಷೆಗಳನ್ನೂ ನೆಲದ ಮೇಲೆ ನಿಂತೇ, ಕೋಲು, ಹಗ್ಗ ಮತ್ತು ಬಕೆಟ್ಟಿನಿಂದ ಮಾಡಬಹುದು.

ತಡೆ ಇರುವುದು ಟ್ಯಾಂಕಿಗಿಂತ ಮೊದಲೋ ನಂತರವೋ

ವ್ಯವಸ್ಥೆಯಲ್ಲಿ ಇರುವುದು ಮೂರೇ ಭಾಗ: ಮನೆಯಿಂದ ಬರುವ ಪೈಪು ಮತ್ತು ಚೇಂಬರುಗಳು, ಮಲ ತಳಕ್ಕೆ ಕೂತು ಕೊಳೆಯುವ ಟ್ಯಾಂಕ್, ಟ್ಯಾಂಕಿನಿಂದ ಹೊರಬಿದ್ದ ನೀರನ್ನು ನೆಲಕ್ಕೆ ಬಿಡುವ ಇಂಗುಗುಂಡಿ. ನಮ್ಮ ಮೇಸ್ತ್ರಿಗಳು ಈ ಕೊನೆಯದನ್ನು ಸೋಕ್ ಪಿಟ್ ಎನ್ನುತ್ತಾರೆ. ಒಂದೇ ಕಕ್ಕಸಿನಲ್ಲಿ ತೊಂದರೆಯಿದ್ದು ಉಳಿದವು ಸರಿಯಿದ್ದರೆ ಟ್ಯಾಂಕಿನ ತನಕ ಹೋಗುವ ಅಗತ್ಯವೇ ಇಲ್ಲ, ತಡೆ ಆ ಕಮೋಡಿನ ಟ್ರ್ಯಾಪಿನಲ್ಲಿದೆ, ಅಂದರೆ ಸದಾ ನೀರು ನಿಲ್ಲುವ ಬಾಗಿದ ಪೈಪಿನಲ್ಲಿದೆ. ನೆಲಮಹಡಿಯ ಎಲ್ಲ ಕಡೆ ನೀರು ನಿಧಾನವಾಗಿದ್ದರೆ ಮನೆಗೆ ಅತಿ ಹತ್ತಿರದ ಚೇಂಬರಿನಿಂದ ಆರಂಭಿಸಿ ಒಂದೊಂದೇ ಮುಚ್ಚಳ ತೆಗೆಯುತ್ತ ಹೋಗಬೇಕು. ನೀರು ತುಂಬಿ ನಿಂತ ಕೊನೆಯ ಚೇಂಬರ್ ಯಾವುದು, ಖಾಲಿ ಇರುವ ಮೊದಲ ಚೇಂಬರ್ ಯಾವುದು ಎಂದು ನೋಡಿದರೆ ತಡೆ ಆ ಎರಡರ ನಡುವೆ ಇರುತ್ತದೆ.

ಹೀಗೆ ಸಿಕ್ಕುವ ತಡೆ ನಮ್ಮಲ್ಲಿ ಬಹುತೇಕ ತೆಂಗಿನದು. ಪೈಪಿನ ಕೀಲಿಗೆ ಸಿಮೆಂಟ್ ಸರಿಯಾಗಿ ಕಟ್ಟಿರದಿದ್ದರೆ ಹತ್ತಡಿ ಆಚೆಯ ತೆಂಗಿನ ಮರದ ಬೇರು ಕೂದಲಿನಂತೆ ಒಳಗೆ ಹೊಕ್ಕು, ಒಳಗೆ ಜಡೆಯಂತೆ ಬೆಳೆದು, ಕೊನೆಗೆ ಬಿರಡೆಯಂತೆ ಕೂತುಬಿಡುತ್ತದೆ. ಅಡುಗೆಮನೆಯ ಕಡೆಯಿಂದ ಬರುವ ಪೈಪಾದರೆ ಪಾತ್ರೆ ಉಜ್ಜುವ ತೆಂಗಿನ ನಾರು, ಮೀನಿನ ಪರೆ, ಹೆಪ್ಪುಗಟ್ಟಿದ ಕೊಬ್ಬರಿ ಎಣ್ಣೆ ಮೂರೂ ಸೇರಿ ಸಾಬೂನಿನಂಥ ಗಟ್ಟಿ ಉಂಡೆಯಾಗಿರುತ್ತವೆ. ಬಿದಿರಿನ ಸೀಳಿನಿಂದ ಚುಚ್ಚಿ ತೆಗೆದರೆ ಆಯಿತು. ಆಸಿಡ್ ಸುರಿಯುವ ಅಭ್ಯಾಸ ಬಿಡಬೇಕು, ಅದು ಬೇರನ್ನೂ ಕರಗಿಸುವುದಿಲ್ಲ, ಟ್ಯಾಂಕಿನಲ್ಲಿ ಮಲ ಕೊಳೆಸುವ ಸೂಕ್ಷ್ಮಜೀವಿಗಳನ್ನೂ ಉಳಿಸುವುದಿಲ್ಲ.

ಗುಳುಗುಳು ಸದ್ದು ಮಾತ್ರ ಇದ್ದು ನೀರು ಸರಿಯಾಗಿಯೇ ಇಳಿಯುತ್ತಿದ್ದರೆ ಗಾಳಿಕೊಳವೆಯ ತುದಿಯನ್ನು ನೋಡಬೇಕು. ಅಲ್ಲಿ ಸೊಳ್ಳೆ ಪರದೆಗೆ ಕಣಜ ಗೂಡು ಕಟ್ಟಿರುವುದು ಅಥವಾ ಎಲೆ ಅಂಟಿ ಕೊಳೆತಿರುವುದು ಸಾಮಾನ್ಯ.

ಮನೆಯಿಂದ ಟ್ಯಾಂಕಿನ ತನಕದ ಎಲ್ಲ ಚೇಂಬರುಗಳೂ ತುಂಬಿದ್ದರೆ ಟ್ಯಾಂಕಿನ ಮುಚ್ಚಳ ತೆಗೆದು ನೀರಿನ ಮಟ್ಟವನ್ನು ಹೊರಪೈಪಿಗೆ ಹೋಲಿಸಿ ನೋಡಬೇಕು. ಸರಿಯಾಗಿ ಕಟ್ಟಿದ ಟ್ಯಾಂಕಿನಲ್ಲಿ ಹೊರಪೈಪಿನ ತಳ ಒಳಪೈಪಿನ ತಳಕ್ಕಿಂತ ಸುಮಾರು 5 ಸೆಂಟಿಮೀಟರ್ ಕೆಳಗಿರುತ್ತದೆ, ಮತ್ತು ನೀರು ಸದಾಕಾಲ ಹೊರಪೈಪಿನ ತಳದ ಮಟ್ಟದಲ್ಲಿಯೇ ನಿಂತಿರುತ್ತದೆ. ಇದನ್ನು ಅನೇಕರು ತಪ್ಪಾಗಿ ತಿಳಿಯುತ್ತಾರೆ. ಮುಚ್ಚಳ ತೆಗೆದ ತಕ್ಷಣ ಒಂದಡಿ ಕೆಳಗೆ ನೀರು ಕಂಡರೆ ಟ್ಯಾಂಕ್ ತುಂಬಿತೆಂದು ಗಾಬರಿಯಾಗಬೇಕಿಲ್ಲ. ಸೆಪ್ಟಿಕ್ ಟ್ಯಾಂಕ್ ತುಂಬಿಯೇ ಇರಬೇಕಾದ ವಸ್ತು. ನೀರು ಹೊರಪೈಪನ್ನು ಮುಳುಗಿಸಿ ಮೇಲೆ ಬಂದಿದ್ದರೆ ಮಾತ್ರ ಅದು ದೋಷ.

ಒಂದು ರಾತ್ರಿಯ ಅಳತೆ

ನೀರು ಹೊರಪೈಪಿಗಿಂತ ಮೇಲೆ ನಿಂತಿದೆ ಎಂದಾದ ಮೇಲೆ ಮಾಡಬೇಕಾದ ಪರೀಕ್ಷೆ ಒಂದೇ, ಮತ್ತು ಅದಕ್ಕೆ ಖರ್ಚಿಲ್ಲ. ರಾತ್ರಿ ಹತ್ತು ಗಂಟೆಗೆ ಎಲ್ಲರ ಕೆಲಸ ಮುಗಿದ ಮೇಲೆ ಮುಚ್ಚಳದ ಅಂಚಿನ ಒಂದು ನಿರ್ದಿಷ್ಟ ಜಾಗಕ್ಕೆ ಇದ್ದಿಲಿನ ಗೆರೆ ಎಳೆದು, ಅಲ್ಲಿಂದ ನೀರಿನ ಮೇಲ್ಮೈ ಎಷ್ಟು ಸೆಂಟಿಮೀಟರ್ ಕೆಳಗಿದೆ ಎಂದು ಅಡಿಕೆ ದಬ್ಬೆಯೊಂದನ್ನು ಇಳಿಬಿಟ್ಟು ಅಳೆದು ಬರೆದಿಡಬೇಕು. ರಾತ್ರಿ ಕಕ್ಕಸು, ಬಚ್ಚಲು ಯಾವುದನ್ನೂ ಬಳಸಬಾರದು. ಮನೆಯಲ್ಲಿ ವಯಸ್ಸಾದವರಿದ್ದರೆ ಒಂದು ರಾತ್ರಿಗೆ ಬೇರೆ ವ್ಯವಸ್ಥೆ ಮಾಡಬೇಕಾಗುತ್ತದೆ. ಬೆಳಗ್ಗೆ ಆರಕ್ಕೆ, ಯಾರೂ ನಲ್ಲಿ ತಿರುಗಿಸುವ ಮೊದಲು, ಅದೇ ಗೆರೆಯಿಂದ ಮತ್ತೆ ಅಳೆಯಬೇಕು. ರಾತ್ರಿ ಮಳೆ ಯಾವಾಗ ಜೋರಾಯಿತು, ಯಾವಾಗ ಬಿಟ್ಟಿತು ಎಂಬುದನ್ನೂ ಬರೆದಿಟ್ಟರೆ ಒಳ್ಳೆಯದು.

ಸೆಂಟಿಮೀಟರನ್ನು ಲೀಟರಿಗೆ ತಿರುಗಿಸಿದಾಗ ಚಿತ್ರ ಸ್ಪಷ್ಟವಾಗುತ್ತದೆ. ಹತ್ತು ಮಂದಿಗೆಂದು ಕಟ್ಟಿದ ಟ್ಯಾಂಕಿನ ಒಳ ಅಳತೆ ಉದ್ದ 2 ಮೀಟರ್, ಅಗಲ 0.9 ಮೀಟರ್ ಎಂದಿಟ್ಟುಕೊಂಡರೆ ಒಂದು ಸೆಂಟಿಮೀಟರ್ ನೀರು ಏರಿತು ಎಂದರೆ 18 ಲೀಟರ್ ಒಳಗೆ ಬಂತು ಎಂದರ್ಥ. ಯಾರೂ ಬಳಸದ ಎಂಟು ಗಂಟೆಯಲ್ಲಿ ಹತ್ತು ಸೆಂಟಿಮೀಟರ್ ಏರಿದ್ದರೆ 180 ಲೀಟರ್ ನೀರು ಹೇಳದೆ ಕೇಳದೆ ಒಳಗೆ ನುಗ್ಗಿದೆ.

ಅಳತೆಯ ಫಲಿತಾಂಶವನ್ನು ಓದುವುದು ಹೀಗೆ. ಮಳೆ ಜೋರಾದ ಗಂಟೆಯಲ್ಲೇ ಮಟ್ಟ ಸರ್ರನೆ ಏರಿ, ಮಳೆ ನಿಂತ ಮೇಲೆ ಏರುವುದೂ ನಿಂತಿದ್ದರೆ ಒಳಗೆ ಬರುತ್ತಿರುವುದು ಮಾಡಿನ ನೀರು ಅಥವಾ ಅಂಗಳದ ನೀರು. ಮಳೆ ಬಿಟ್ಟು ಎರಡು ದಿನವಾದರೂ ಮಟ್ಟ ನಿಧಾನವಾಗಿ ಏರುತ್ತಲೇ ಇದ್ದರೆ ಅದು ನೆಲದೊಳಗಿನ ನೀರು, ಟ್ಯಾಂಕಿನ ಗೋಡೆಯಿಂದಲೋ ಇಂಗುಗುಂಡಿಯಿಂದ ಹಿಮ್ಮುಖವಾಗಿಯೋ ಬರುತ್ತಿದೆ. ಮಟ್ಟ ಏರಲೂ ಇಲ್ಲ ಇಳಿಯಲೂ ಇಲ್ಲ ಎಂದಾದರೆ ಹೊರದಾರಿ ಮುಚ್ಚಿದೆ. ಬೆಳಗಾಗುವಷ್ಟರಲ್ಲಿ ನೀರು ತಾನಾಗಿ ಹೊರಪೈಪಿನ ತಳಕ್ಕೆ ಇಳಿದಿದ್ದರೆ ಇಂಗುಗುಂಡಿ ಕೆಲಸ ಮಾಡುತ್ತಿದೆ, ಆದರೆ ಹಗಲಿನ ಬಳಕೆಯನ್ನು ತಾಳುವಷ್ಟು ವೇಗ ಅದಕ್ಕಿಲ್ಲ. ಅಂಥ ಮನೆಯಲ್ಲಿ ಮೊದಲು ಹುಡುಕಬೇಕಾದದ್ದು ಸೋರುವ ಫ್ಲಶ್ ಟ್ಯಾಂಕನ್ನು. ಐದು ನಿಮಿಷಕ್ಕೆ ಒಂದು ಲೀಟರಿನಂತೆ ಕಮೋಡಿಗೆ ಸದ್ದಿಲ್ಲದೆ ಜಾರುವ ನೀರು ದಿನಕ್ಕೆ 288 ಲೀಟರ್ ಆಗುತ್ತದೆ, ಅಂದರೆ ಮನೆಗೆ ಇಬ್ಬರೋ ಮೂವರೋ ನೆಂಟರು ಬಂದು ಖಾಯಂ ಉಳಿದಂತೆ.

ಮಾಡಿನ ನೀರು

ನೂರು ಚದರ ಮೀಟರಿನ ಮಾಡಿನ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ 10,000 ಲೀಟರ್ ನೀರು. ಜುಲೈಯಲ್ಲಿ ಒಂದೇ ದಿನದಲ್ಲಿ ಇಷ್ಟು ಬೀಳುವುದು ನಮಗೆ ವಿಶೇಷವಲ್ಲ. ಮೇಲೆ ಹೇಳಿದ ಅಳತೆಯ ಟ್ಯಾಂಕಿಗೆ 1.4 ಮೀಟರ್ ಆಳದ ನೀರು ಎಂದು ಲೆಕ್ಕ ಹಿಡಿದರೂ ಅದರಲ್ಲಿ ಹಿಡಿಸುವುದು 2,520 ಲೀಟರ್ ಮಾತ್ರ. ಮಾಡಿನ ನಾಲ್ಕನೆಯ ಒಂದು ಪಾಲು ನೀರು ಚೇಂಬರಿಗೆ ಸೇರಿದರೂ ಒಂದು ಟ್ಯಾಂಕ್ ಪೂರ್ತಿ ತೊಳೆದು ಹೋಗುತ್ತದೆ. ತಳದ ಹೂಳನ್ನು ಕಲಕಿ ಇಂಗುಗುಂಡಿಗೆ ತಳ್ಳುವುದು ಅದರ ಎರಡನೆಯ ಹಾನಿ, ಮತ್ತು ಇದು ಮಳೆಗಾಲ ಮುಗಿದ ಮೇಲೂ ಉಳಿಯುವ ಹಾನಿ.

ಹೊಸ ಆರ್‌ಸಿಸಿ ಮನೆಗಳಲ್ಲಿ ತಾರಸಿಯಿಂದ ಇಳಿಯುವ ಪೈಪು ನೆಲದೊಳಗೆ ಎಲ್ಲಿಗೆ ಹೋಗಿದೆ ಎಂಬುದು ಮನೆಯ ಯಜಮಾನರಿಗೆ ತಿಳಿದಿರುವುದಿಲ್ಲ. ಕೆಲಸ ಮುಗಿಸುವ ಅವಸರದಲ್ಲಿ ಪ್ಲಂಬರ್ ಅದನ್ನು ಹತ್ತಿರದ ಚೇಂಬರಿಗೆ ಸೇರಿಸಿಬಿಟ್ಟಿರುತ್ತಾನೆ. ಬಟ್ಟೆಗೆ ಹಾಕುವ ನೀಲಿಯನ್ನು ಒಂದು ಬಕೆಟ್ ನೀರಿಗೆ ಕಲಸಿ ತಾರಸಿಯ ಪೈಪಿಗೆ ಹೊಯ್ದು, ಕೆಳಗೆ ಒಬ್ಬರನ್ನು ಚೇಂಬರಿನ ಬಳಿ ನಿಲ್ಲಿಸಿದರೆ ಎರಡು ನಿಮಿಷದಲ್ಲಿ ಉತ್ತರ ಸಿಗುತ್ತದೆ. ನೀಲಿ ನೀರು ಚೇಂಬರಿನಲ್ಲಿ ಕಂಡರೆ ಆ ಪೈಪನ್ನು ಕತ್ತರಿಸಿ ಗಟಾರಕ್ಕೋ ಅಂಗಳದ ಕಾಲುವೆಗೋ ತಿರುಗಿಸಬೇಕು. ಇದು ಮಳೆಗಾಲದ ಮಧ್ಯದಲ್ಲೂ ಅರ್ಧ ದಿನದಲ್ಲಿ ಆಗುವ ಕೆಲಸ, ಮತ್ತು ನಾನು ನೋಡಿದ ದೋಷಗಳಲ್ಲಿ ಅತಿ ಅಗ್ಗದಲ್ಲಿ ಸರಿಹೋಗುವಂಥದ್ದು. ಹಂಚಿನ ಮನೆಗಳಲ್ಲಿ ಪೈಪಿನ ತಪ್ಪು ಕಡಿಮೆ. ಅಲ್ಲಿ ಸೂರಿನ ನೀರು ಬಿದ್ದು ಅಂಗಳ ಕೊರೆದು, ನೆಲಮಟ್ಟದಲ್ಲಿರುವ ಚೇಂಬರಿನ ಮುಚ್ಚಳದ ಸಂದಿನಿಂದ ಒಳಗೆ ಇಳಿಯುತ್ತದೆ. ಮುಚ್ಚಳದ ಸುತ್ತ ಅರ್ಧ ಅಡಿ ಎತ್ತರದ ಕಟ್ಟೆ ಕಟ್ಟಿ, ಮುಚ್ಚಳದ ಅಂಚಿಗೆ ತೆಳು ಗಾರೆ ಮೆತ್ತಿದರೆ ಸಾಕು.

ನೆಲದ ನೀರು: ಚಿರೆಕಲ್ಲು, ಧರೆ ಮತ್ತು ಉಬ್ಬರ

ಕಷ್ಟದ ದೋಷ ಇದು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಹಳೆಯ ಟ್ಯಾಂಕುಗಳಲ್ಲಿ ಹೆಚ್ಚಿನವು ಚಿರೆಕಲ್ಲಿನವು. ಕಲ್ಲು ಗಟ್ಟಿ ಎಂಬುದು ನಿಜ, ಆದರೆ ಮೈತುಂಬ ತೂತು. ಒಳಗೆ ಗಿಲಾಯಿ (ಗಾರೆಯ ಲೇಪ) ಚೆನ್ನಾಗಿ ಆಗಿರದಿದ್ದರೆ ಬೇಸಿಗೆಯಲ್ಲಿ ಟ್ಯಾಂಕಿನ ನೀರು ಹೊರಗೆ ಹೋಗುತ್ತದೆ, ಮಳೆಗಾಲದಲ್ಲಿ ಹೊರಗಿನ ನೀರು ಒಳಗೆ ಬರುತ್ತದೆ. ಬೇಸಿಗೆಯಲ್ಲಿ ವರ್ಷಗಟ್ಟಲೆ ಗಾಡಿ ಕರೆಸದೆ ನಡೆದುಹೋದ ಟ್ಯಾಂಕನ್ನು ಹೊಗಳುವವರಿದ್ದಾರೆ. ಅದು ಸೋರುವ ಟ್ಯಾಂಕ್ ಎಂಬ ಅನುಮಾನ ಅವರಿಗೆ ಬರಬೇಕು.

ಶಿರಸಿಯ ಕಡೆಯ ಒಂದು ತೋಟದ ಮನೆಯಲ್ಲಿ ಧರೆ (ಗುಡ್ಡದ ಕಡಿದಾದ ಮಣ್ಣಿನ ದಂಡೆ) ಕಡಿದು ಮಟ್ಟ ಮಾಡಿದ ಜಾಗದಲ್ಲಿ, ಧರೆಯ ಬುಡಕ್ಕೇ ಟ್ಯಾಂಕ್ ಕಟ್ಟಿದ್ದರು. ಜುಲೈ ಮಧ್ಯದಲ್ಲಿ ಎರಡು ಬಾರಿ ಖಾಲಿ ಮಾಡಿಸಿಯೂ ನಿಲ್ಲದೆ ನನ್ನನ್ನು ಕರೆದಾಗ, ಗಾಡಿ ಎಳೆದು ಮುಗಿಸಿದ ಮೇಲೆ ಟಾರ್ಚ್ ಹಿಡಿದು ಮೇಲಿನಿಂದಲೇ ಒಳಗೋಡೆ ನೋಡಿದೆವು. ಧರೆಯ ಕಡೆಯ ಗೋಡೆಯಲ್ಲಿ, ಮೇಲಿನಿಂದ ಮೂರನೆಯ ವರಸೆಯ ಎರಡು ಕಲ್ಲುಗಳ ಸಂದಿನಿಂದ ಕಿರುಬೆರಳ ಗಾತ್ರದ ನೀರು ಒಂದೇ ಸಮನೆ ಬೀಳುತ್ತಿತ್ತು. ಸುತ್ತಲಿನ ಗೋಡೆ ಕಪ್ಪಗಿದ್ದರೂ ಅದು ಹರಿದ ಜಾಡು ಮಾತ್ರ ತೊಳೆದಂತೆ ಕೆಂಪಾಗಿತ್ತು. ಕೋಲಿಗೆ ಚೊಂಬು ಕಟ್ಟಿ ಹಿಡಿದಾಗ ಬಂದದ್ದು ತಣ್ಣಗಿನ, ಯಾವ ವಾಸನೆಯೂ ಇಲ್ಲದ ಒರತೆ ನೀರು. ಮಳೆ ಬಿದ್ದು ತಿಂಗಳಾದ ಮೇಲೆ ಧರೆಯಲ್ಲಿ ಒರತೆ ಏಳುತ್ತದೆ ಎಂಬುದು ತೋಟದವರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಆ ಒರತೆಗೆ ಟ್ಯಾಂಕೇ ದಾರಿಯಾದೀತೆಂದು ಯಾರೂ ಎಣಿಸಿರಲಿಲ್ಲ, ಅಷ್ಟೆ. ಒಳಗಿನಿಂದ ಗಾರೆ ಮೆತ್ತಿ ಇದನ್ನು ತಡೆಯಲಾಗದು, ಏಕೆಂದರೆ ಹಿಂದಿನಿಂದ ತಳ್ಳುವ ನೀರು ಹಸಿ ಗಾರೆಯನ್ನು ಉದುರಿಸುತ್ತದೆ. ಧರೆಗೂ ಟ್ಯಾಂಕಿಗೂ ನಡುವೆ ಟ್ಯಾಂಕಿನ ತಳಕ್ಕಿಂತ ತಗ್ಗಾಗಿ ಒಂದು ಅಗಳ ತೆಗೆದು, ಜಲ್ಲಿ ತುಂಬಿ, ಒರತೆಯನ್ನು ಪಕ್ಕದಿಂದ ತೋಟದ ಬಸಿಗಾಲುವೆಗೆ ಹರಿಯಬಿಟ್ಟ ಮೇಲೆ ಒಳಗೆ ಬೀಳುವ ನೀರು ನಿಂತಿತು. ಗಿಲಾಯಿಯನ್ನು ಬೇಸಿಗೆಯಲ್ಲಿ ಮಾಡಿಸಿದರು.

ಕರಾವಳಿಯ ಬಯಲಿನಲ್ಲಿ ಒರತೆಗಿಂತ ಅಂತರ್ಜಲದ ಮಟ್ಟವೇ ಸಮಸ್ಯೆ, ಮತ್ತು ಅದನ್ನು ಅಳೆಯುವ ಉಪಕರಣ ಪ್ರತಿ ಹಿತ್ತಲಿನಲ್ಲೂ ಇದೆ, ಅದೇ ಬಾವಿ. ಮೇಸ್ತ್ರಿಗಳು ಬಳಸುವ ಪಾರದರ್ಶಕ ಮಟ್ಟದ ಪೈಪಿನಿಂದ ಬಾವಿಯ ಕಟ್ಟೆ ಮತ್ತು ಟ್ಯಾಂಕಿನ ಮುಚ್ಚಳದ ನಡುವಿನ ಎತ್ತರದ ವ್ಯತ್ಯಾಸ ಹಿಡಿದು, ಬಾವಿ ನೀರಿನ ಮೇಲ್ಮೈಯನ್ನು ಟ್ಯಾಂಕಿನ ಹೊರಪೈಪಿಗೆ ಹೋಲಿಸಬೇಕು. ಬಾವಿಯ ನೀರು ಇಂಗುಗುಂಡಿಯ ತಳಕ್ಕಿಂತ ಮೇಲಿದ್ದರೆ ಗುಂಡಿ ಅರ್ಧ ಸತ್ತಂತೆ, ಹೊರಪೈಪಿಗಿಂತ ಮೇಲಿದ್ದರೆ ಗುಂಡಿ ಟ್ಯಾಂಕಿಗೆ ನೀರು ಹಿಂದಿರುಗಿಸುತ್ತಿದೆ. ಆಗ ಇಂಗುಗುಂಡಿಯನ್ನು ಇನ್ನಷ್ಟು ಆಳ ತೋಡಿಸುವುದೆಂದರೆ ಬಾವಿಯನ್ನೇ ಇನ್ನೊಂದು ತೋಡಿದ ಹಾಗೆ. ದುಃಖದ ಸಂಗತಿಯೆಂದರೆ ಬಹಳ ಮನೆಗಳಲ್ಲಿ ನಡೆಯುವುದು ಅದೇ.

ಅಘನಾಶಿನಿಯ ಅಳಿವೆಯ ಬಳಿ, ಉಪ್ಪುನೀರು ಬಂದುಹೋಗುವ ಗಜನಿ ಗದ್ದೆಯ ಅಂಚಿನಲ್ಲಿರುವ ನನ್ನ ಚಿಕ್ಕಮ್ಮನ ಮನೆಯಲ್ಲಿ ಮಳೆಯಿಲ್ಲದ ದಿನವೂ ನೀರು ಹಿಂದೆ ಬರುತ್ತಿತ್ತು. ನಾಲ್ಕು ದಿನ ಗಂಟೆ ಬರೆದಿಟ್ಟು ನೋಡಿದಾಗ ದಿನಕ್ಕೆ ಎರಡು ಬಾರಿ ಮಟ್ಟ ಏರುತ್ತಿದ್ದುದೂ, ಏರುವ ಹೊತ್ತು ದಿನದಿಂದ ದಿನಕ್ಕೆ ಮುಕ್ಕಾಲು ಗಂಟೆಗಿಂತ ತುಸು ಹೆಚ್ಚು ಮುಂದಕ್ಕೆ ಹೋಗುತ್ತಿದ್ದುದೂ ಕಂಡಿತು. ಇದು ಉಬ್ಬರದ ಗಡಿಯಾರ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ, ಹುಣ್ಣಿಮೆ ಮತ್ತು ಅಮಾವಾಸ್ಯೆಯ ಆಸುಪಾಸಿನಲ್ಲಿ ದೊಡ್ಡದಾಗಿರುತ್ತದೆ. ಹೊಳೆಯ ದಂಡೆಯ ಉಸುಕು ನೆಲದಲ್ಲಿ ಅಂತರ್ಜಲವೂ ಅದರ ಜೊತೆಗೇ ಏರಿಳಿಯುತ್ತದೆ. ನಿಮ್ಮ ಮನೆಯ ತೊಂದರೆಯೂ ದಿನದಿನಕ್ಕೆ ಹೊತ್ತು ಬದಲಿಸುತ್ತಿದ್ದರೆ ಪ್ಲಂಬರನನ್ನು ಕರೆಯುವ ಮೊದಲು ಪಂಚಾಂಗ ನೋಡುವುದು ಲೇಸು.

ಹೊರಪೈಪಿಗೆ ನೀರನ್ನು ಒಂದೇ ದಿಕ್ಕಿಗೆ ಬಿಡುವ ನಾನ್ ರಿಟರ್ನ್ ವಾಲ್ವ್ ಹಾಕಿದರೆ ಹಿಮ್ಮುಖ ಹರಿವು ನಿಲ್ಲುತ್ತದೆ, ಆದರೆ ವಾಲ್ವ್ ಮುಚ್ಚಿರುವ ತನಕ ಮನೆಯ ನೀರಿಗೂ ಹೊರದಾರಿಯಿಲ್ಲ. ಟ್ಯಾಂಕಿನಲ್ಲಿ ನೀರಿನ ಮೇಲೆ 30 ಸೆಂಟಿಮೀಟರ್ ಖಾಲಿ ಜಾಗವಿದ್ದರೆ ಅದರಲ್ಲಿ ಹಿಡಿಯುವುದು 540 ಲೀಟರ್. ಉಬ್ಬರದ ಕೆಲವು ಗಂಟೆಗಳಿಗೆ ಅದು ಧಾರಾಳವಾಯಿತು, ಜುಲೈಯಿಡೀ ನೆಲ ನೆನೆದಿರುವ ಮನೆಗೆ ಎರಡು ದಿನಕ್ಕೂ ಸಾಲದು. ಚಿಕ್ಕಮ್ಮನ ಮನೆಯಲ್ಲಿ ಕೊನೆಗೆ ಆಳದ ಗುಂಡಿಯನ್ನು ಕೈಬಿಟ್ಟು, ಹಿತ್ತಲಿನ ಎತ್ತರದ ಮೂಲೆಯಲ್ಲಿ ಎರಡಡಿ ಮಣ್ಣು ಏರಿಸಿ, ಆ ದಿಬ್ಬದೊಳಗೆ ಜಲ್ಲಿ ತುಂಬಿದ ಮೊಣಕಾಲುದ್ದದ ಅಗಳಗಳನ್ನು ಮಾಡಿ, ತೂತಿನ ಪೈಪಿನ ಮೂಲಕ ನೀರು ಹರಡಿದೆವು. ಟ್ಯಾಂಕಿನಿಂದ ದಿಬ್ಬಕ್ಕೆ ನೀರೆತ್ತಲು ಸಣ್ಣ ತೊಟ್ಟಿಯೊಂದು ಮತ್ತು ನೀರು ಏರಿದಾಗ ತಾನಾಗಿ ಶುರುವಾಗುವ ಫ್ಲೋಟ್ ಸ್ವಿಚ್ಚಿನ ಪಂಪು ಬೇಕಾಯಿತು. ಕರೆಂಟು ಹೋದ ದಿನ ಅದೂ ನಿಲ್ಲುತ್ತದೆ ಎಂಬುದು ಆ ವ್ಯವಸ್ಥೆಯ ಕೊರತೆ. ಅಂಥ ದಿನಗಳಿಗಾಗಿ ಬಚ್ಚಲ ನೀರನ್ನು ಬೇರೆ ಮಾಡಿ ಬಾಳೆಬುಡಕ್ಕೆ ಬಿಟ್ಟಿದ್ದಾರೆ.

ಹೊರದಾರಿ ಮುಚ್ಚಿದ್ದರೆ

ಬಾವಿಯ ನೀರು ಸಾಕಷ್ಟು ಕೆಳಗಿದ್ದೂ ಟ್ಯಾಂಕಿನ ಮಟ್ಟ ಇಳಿಯದಿದ್ದರೆ ಟ್ಯಾಂಕ್ ಮತ್ತು ಇಂಗುಗುಂಡಿಯ ನಡುವಿನ ಚೇಂಬರ್ ತೆರೆಯಬೇಕು. ಅದು ಖಾಲಿಯಿದ್ದರೆ ಟ್ಯಾಂಕಿನ ಹೊರಬಾಯಿಯಲ್ಲಿ ಕೆನೆಯನ್ನು ತಡೆಯಲು ಇರುವ ಟಿ ಆಕಾರದ ಟೀ ಪೈಪಿಗೆ, ನೀರಿನ ಮೇಲೆ ತೇಲುವ ಗಟ್ಟಿ ಕೆನೆ ಸಿಕ್ಕಿಕೊಂಡಿದೆ. ಕೋಲಿನಿಂದ ಬಿಡಿಸಿದರೆ ನೀರು ಒಮ್ಮೆಲೇ ಹರಿಯುತ್ತದೆ. ಚೇಂಬರ್ ತುಂಬಿದ್ದರೆ ಗುಂಡಿಯ ಮೈ ಕಟ್ಟಿದೆ. ಗುಂಡಿಯ ಮೇಲೆ ಕಾರು ನಿಲ್ಲಿಸುವ ಮನೆಗಳಲ್ಲಿ ಮಣ್ಣು ಒತ್ತಿ ಹೀಗಾಗುವುದುಂಟು. ಬಹಳ ಮನೆಗಳಲ್ಲಿ ಮಾತ್ರ ಮೂಲ ಟ್ಯಾಂಕಿನಲ್ಲೇ ಇರುತ್ತದೆ: ಟೀ ಪೈಪು ಮುರಿದುಹೋಗಿ ಅಥವಾ ಮೊದಲಿನಿಂದಲೂ ಇಲ್ಲದೆ, ಕೆನೆ ಮತ್ತು ಹೂಳು ನೇರ ಗುಂಡಿಗೆ ಹೋಗಿ ಸುತ್ತಲಿನ ಮಣ್ಣಿಗೆ ಅಂಟಿನಂತೆ ಲೇಪ ಕೂತಿರುತ್ತದೆ. ಟೀ ಹಾಕಿಸದೆ ಹೊಸ ಗುಂಡಿ ತೋಡಿಸಿದರೆ ಅದೂ ಕೆಲವೇ ವರ್ಷಗಳಲ್ಲಿ ಅದೇ ಗತಿ ಕಾಣುತ್ತದೆ.

ಹೂಳು ಎಷ್ಟಿದೆ ಎಂದು ತಿಳಿಯಲು ಉದ್ದದ ದಬ್ಬೆಗೆ ಹಳೆಯ ಬಿಳಿ ಪಂಚೆಯ ತುಂಡನ್ನು ಕೆಳಗಿನ ಮೂರಡಿಗೆ ಬಿಗಿಯಾಗಿ ಸುತ್ತಿ, ಹೊರಬಾಯಿಯ ಕಡೆ ನೇರ ತಳಕ್ಕಿಳಿಸಿ, ಐದು ನಿಮಿಷ ಬಿಟ್ಟು, ಅಲುಗಾಡಿಸದೆ ಮೇಲೆತ್ತಬೇಕು. ಬಟ್ಟೆಯ ಮೇಲೆ ಕರಿಯ ಕಣಗಳು ಅಂಟಿ ನಿಂತ ಎತ್ತರವೇ ಹೂಳಿನ ಎತ್ತರ. ಅದರ ಮೇಲಿನ ಭಾಗ ಬರೀ ಕಂದು ಒದ್ದೆಯಾಗಿರುತ್ತದೆ. ಹೂಳು ಮತ್ತು ಮೇಲಿನ ಕೆನೆ ಸೇರಿ ನೀರಿನ ಆಳದ ಮೂರನೆಯ ಒಂದು ಪಾಲು ಮುಟ್ಟಿದ್ದರೆ ಆಗ ಗಾಡಿ ಕರೆಸುವುದು ಸರಿ. ಸಾಧಾರಣ ಮನೆಗೆ ಎರಡು ಮೂರು ವರ್ಷಕ್ಕೊಮ್ಮೆ ಇದು ಬೇಕಾಗುತ್ತದೆ. ಸೆಗಣಿ ನೀರು, ಬೆಲ್ಲ, ಅಂಗಡಿಯ ಬ್ಯಾಕ್ಟೀರಿಯಾ ಪುಡಿ ಯಾವುದೂ ಹೂಳನ್ನು ಮಾಯ ಮಾಡುವುದಿಲ್ಲ.

ಜುಲೈಯಲ್ಲಿ ಖಾಲಿ ಮಾಡಿಸುವುದರ ಅಪಾಯ

ಸುತ್ತಲಿನ ನೆಲ ನೀರು ಕುಡಿದು ನಿಂತಿರುವಾಗ ಟ್ಯಾಂಕ್ ಪೂರ್ತಿ ಖಾಲಿ ಮಾಡಿದರೆ ಅದು ನೀರಿನಲ್ಲಿ ಒತ್ತಿ ಹಿಡಿದ ಖಾಲಿ ಕೊಡದಂತಾಗುತ್ತದೆ. ಎರಡು ಸಾವಿರ ಲೀಟರಿನ ಪ್ಲಾಸ್ಟಿಕ್ ಟ್ಯಾಂಕನ್ನು ಕೆಳಗಿನಿಂದ ನೀರು ಎತ್ತುವ ಬಲ ಸುಮಾರು ಎರಡು ಟನ್. ಮೇಲೆ ಮಣ್ಣಿನ ಭಾರವೋ ಕಾಂಕ್ರೀಟಿನ ಹಿಡಿತವೋ ಇಲ್ಲದಿದ್ದರೆ ಅದು ಪೈಪುಗಳನ್ನು ಮುರಿದುಕೊಂಡು ಮೇಲೇಳುತ್ತದೆ. ಕಲ್ಲಿನ ಟ್ಯಾಂಕ್ ತೇಲುವುದಿಲ್ಲ, ಆದರೆ ತಳದ ಕಾಂಕ್ರೀಟ್ ಬಿರುಕು ಬಿಡುತ್ತದೆ, ಉದ್ದದ ಗೋಡೆ ಒಳಕ್ಕೆ ಉಬ್ಬುತ್ತದೆ. ಅನಿವಾರ್ಯವಾದರೆ ಅರ್ಧ ಮಾತ್ರ ಎಳೆಸಬೇಕು. 2019ರ ಆಗಸ್ಟ್ ಮತ್ತು 2021ರ ಜುಲೈಯಲ್ಲಿ ಕಾಳಿ ಮತ್ತು ಗಂಗಾವಳಿ ದಂಡೆಯ ಮನೆಗಳಿಗೆ ನೆರೆ ನುಗ್ಗಿದಂಥ ಸಂದರ್ಭದಲ್ಲಿ ನೆರೆ ಇಳಿದ ಕೂಡಲೇ ಗಾಡಿ ಕರೆಸದೆ, ಬಾವಿಯ ನೀರು ಟ್ಯಾಂಕಿನ ತಳಕ್ಕಿಂತ ಕೆಳಗೆ ಹೋಗುವ ತನಕ ಕಾಯುವುದು ಕ್ಷೇಮ.

ಬಾವಿಯ ಕಡೆ ಒಂದು ಕಣ್ಣು

ಇಂಗುಗುಂಡಿಗೂ ಕುಡಿಯುವ ನೀರಿನ ಬಾವಿಗೂ ಕನಿಷ್ಠ 18 ಮೀಟರ್ ಅಂತರವಿರಬೇಕೆಂದು ಸೆಪ್ಟಿಕ್ ಟ್ಯಾಂಕ್ ಕುರಿತ ಭಾರತೀಯ ಮಾನಕ ಐಎಸ್ 2470 ಹೇಳುತ್ತದೆ. ನಾಲ್ಕು ಗುಂಟೆ ಜಾಗ ಹೆಚ್ಚುಕಡಿಮೆ 20 ಮೀಟರ್ ಚೌಕ. ನಮ್ಮ ಬಾವಿಯಿಂದ ದೂರ ಹಾಕಿದ ಗುಂಡಿ ಕಂಪೌಂಡಿನ ಆಚೆ ಪಕ್ಕದ ಮನೆಯವರ ಬಾವಿಗೆ ಹತ್ತಿರವಾಗಿರುತ್ತದೆ, ಆದ್ದರಿಂದ ಅಳೆಯುವಾಗ ಅದನ್ನೂ ಅಳೆಯಬೇಕು. ಟ್ಯಾಂಕಿನಲ್ಲಿ ನೀರು ಹಿಂದೆ ಬರುವ ದಿನಗಳಲ್ಲಿ ಬಾವಿ ನೀರನ್ನು ಕುದಿಸದೆ ಕುಡಿಯಬಾರದು. ಹೈಡ್ರೋಜನ್ ಸಲ್ಫೈಡ್ ಪರೀಕ್ಷಾ ಬಾಟಲಿಗೆ ಬಾವಿ ನೀರು ತುಂಬಿಟ್ಟಾಗ ಒಂದೆರಡು ದಿನದಲ್ಲಿ ಅದು ಕಪ್ಪಗಾದರೆ ಮಲದ ಸಂಪರ್ಕವಿದೆ ಎಂದು ತಿಳಿಯಬೇಕು. ಬಾವಿಗೆ ಸಾವಿರ ಲೀಟರಿಗೆ 2.5 ಗ್ರಾಂ ಲೆಕ್ಕದಲ್ಲಿ ಬ್ಲೀಚಿಂಗ್ ಪುಡಿ ಬೇಕಾಗುತ್ತದೆ; 2 ಮೀಟರ್ ಅಗಲದ ಬಾವಿಯಲ್ಲಿ 3 ಮೀಟರ್ ನೀರಿದ್ದರೆ ಸುಮಾರು 9,400 ಲೀಟರ್, ಅದಕ್ಕೆ 24 ಗ್ರಾಂ. ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ಬಾವಿಗೆ ಇಳಿಸಿ ಕಲಕಿ, ಒಂದು ಗಂಟೆ ನೀರು ಸೇದಬಾರದು. ಹಳೆಯ ಪೊಟ್ಟಣದ ಪುಡಿಗೆ ಬಲ ಕಡಿಮೆ.

ಮುಂದಿನ ವರ್ಷದ ತಯಾರಿ

ಈ ಮಳೆಗಾಲದಲ್ಲಿ ಅತಿ ಹೆಚ್ಚು ನೀರು ಏರಿದ ದಿನ ಬಾವಿಯ ಒಳಗೋಡೆಯ ಮೇಲೆ ಬಣ್ಣದಿಂದ ಒಂದು ಗುರುತು ಹಾಕಿಡಿ; ಬೇಸಿಗೆಯಲ್ಲಿ ಬರುವ ಮೇಸ್ತ್ರಿಗೆ ಹೇಳಬೇಕಾದ ಅತಿ ಮುಖ್ಯ ಅಳತೆ ಅದೇ, ಏಕೆಂದರೆ ಏಪ್ರಿಲಿನ ಒಣ ನೆಲ ನೋಡಿ ಅವನು ಗುಂಡಿಯ ಆಳ ನಿರ್ಧರಿಸಿದರೆ ಜುಲೈಯಲ್ಲಿ ಅನುಭವಿಸುವವರು ನೀವು. ಹೂಳು ತೆಗೆಸುವುದಿದ್ದರೆ ಮೇ ಮೊದಲ ವಾರದೊಳಗೆ ತೆಗೆಸಿ, ಒಳಗೋಡೆಯ ಬಿರುಕನ್ನು ಮೇಲಿನಿಂದ ಟಾರ್ಚ್ ಬಿಟ್ಟು ನೋಡಿ, ದುರಸ್ತಿ ಮುಗಿದ ಮೇಲೆ ಟ್ಯಾಂಕನ್ನು ಖಾಲಿ ಬಿಡದೆ ಬಾವಿ ನೀರಿನಿಂದ ಹೊರಪೈಪಿನ ಮಟ್ಟದ ತನಕ ತುಂಬಿಸಿ. ತುಂಬಿಸಿದ ರಾತ್ರಿಯೇ ಇದ್ದಿಲಿನ ಗೆರೆಯಿಂದ ಮತ್ತೊಮ್ಮೆ ಅಳೆಯಿರಿ. ಒಣ ನೆಲದಲ್ಲಿ ಆ ನೀರು ಬೆಳಗಾಗುವಷ್ಟರಲ್ಲಿ ಹೊರಪೈಪಿಗಿಂತ ಕೆಳಗೆ ಇಳಿದಿದ್ದರೆ ಗೋಡೆ ಇನ್ನೂ ಸೋರುತ್ತಿದೆ, ಮತ್ತು ಅದನ್ನು ಸರಿಪಡಿಸಲು ಮೃಗಶಿರ ಹಿಡಿಯುವ ತನಕ ಸಮಯವಿದೆ.